ಅಪ್ಪ ವಾಪಸ್ ಕೊಟ್ಟ ಪೇಂಟಿಂಗ್ ದುಡ್ಡು

ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ನಮ್ಮ ಕಥೋಲಿಕರ ನಡುವೆ ಶುರುವಾಗುವ ಮಾತು ಒಂದೇ: "ಈ ಸಲ ಏನು ಬಿಡ್ತಿದ್ದೀಯ?" ಒಬ್ಬರು ಮಾಂಸ ಅಂತಾರೆ, ಇನ್ನೊಬ್ಬರು ಕಾಫಿ. ಮಕ್ಕಳಾದರೆ ಚಾಕೊಲೇಟು, ರೀಲ್ಸು. ನನ್ನ ಚಿಕ್ಕಮ್ಮ ತಪಸ್ಸುಕಾಲ, ಅಂದರೆ ಅವತ್ತಿನಿಂದ ಶುರುವಾಗುವ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ಮುಗಿಯುವವರೆಗೂ ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಶಿವಾಜಿನಗರದ ಬಸ್ ಸ್ಟ್ಯಾಂಡ್ ದಾಟಿ ಬಸಿಲಿಕಾಗೆ ಬರಿಗಾಲಲ್ಲಿ ನಡೆದು ಹೋಗುವ ಅವರ ಹಿಮ್ಮಡಿ ನೋಡಿದವರು ಯಾರೂ ಈ ವ್ರತಗಳನ್ನು ಹಗುರವಾಗಿ ಮಾತಾಡಲಾರರು. ನಾನಂತೂ ಮಾತಾಡುವುದಿಲ್ಲ. ಹಸಿವು, ದಣಿವು ದೇಹಕ್ಕೆ ಕಲಿಸುವುದನ್ನು ಚರ್ಚಿನ ಪ್ರವಚನ ಕಲಿಸಲಾರದು.

ಆದರೆ ಒಂದು ಪ್ರಶ್ನೆ ವರ್ಷ ವರ್ಷವೂ ಕಾಡುತ್ತದೆ. ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ನಾವು ಬಿಟ್ಟಿದ್ದೆಲ್ಲ ಪಾಸ್ಖ (ಈಸ್ಟರ್) ಹಬ್ಬದ ಮಧ್ಯಾಹ್ನ ಬಿರಿಯಾನಿಯ ಜೊತೆ ನಮಗೇ ವಾಪಸ್ ಬರುತ್ತದೆ. ನಮ್ಮಿಂದ ನೊಂದವರಿಗೆ, ನಮ್ಮಿಂದ ಕಳೆದುಕೊಂಡವರಿಗೆ ಈ ನಲವತ್ತು ದಿನದಲ್ಲಿ ಏನು ಸಿಕ್ಕಿತು?

ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೂರನೇ ಅಧ್ಯಾಯ ತೆಗೆದು ನೋಡಿ. ಪಶ್ಚಾತ್ತಾಪಪಡಿ ಎಂದು ಗುಡುಗಿದ ಸ್ನಾನಿಕ ಯೊವಾನ್ನನ ಸುತ್ತ ಜನ ನಿಂತು, ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳುತ್ತಾರೆ. ಆತನೇ ಮರುಭೂಮಿಯಲ್ಲಿ ಮಿಡತೆ, ಕಾಡುಜೇನು ತಿಂದು ಬದುಕಿದವನು. ನನ್ನ ಹಾಗೆ ಉಪವಾಸ ಮಾಡಿ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಅಂದ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ. ಸೈನಿಕರಿಗೆ, ಯಾರನ್ನೂ ಬೆದರಿಸಿ ಕಿತ್ತುಕೊಳ್ಳಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಅಂದ. ಅವರವರ ಕೈ ಎಲ್ಲಿ ಕೊಳೆಯಾಗಿದೆಯೋ ಅಲ್ಲಿಗೇ ಬೆರಳು ಇಟ್ಟ.

ಆತನೇನಾದರೂ ಇವತ್ತು ಬೆಂಗಳೂರಿಗೆ ಬಂದರೆ ಮನೆ ಓನರ್‌ಗಳಿಗೂ ಒಂದು ಮಾತು ಖಂಡಿತ ಹೇಳುತ್ತಾನೆ. ನಮ್ಮ ಅಪ್ಪ ಅದನ್ನು ಹೇಗೋ ಕೇಳಿಸಿಕೊಂಡರು.

ಕಾರ್ಖಾನೆಯಲ್ಲಿ ದುಡಿದ ದುಡ್ಡಿನಲ್ಲಿ ಅಪ್ಪ ಲಿಂಗರಾಜಪುರದಲ್ಲಿ ಒಂದು ಮನೆ ಕಟ್ಟಿದ್ದರು. ನಾವು ಮೇಲೆ, ಕೆಳಗೆ ಬಾಡಿಗೆಗೆ ಎರಡು ಚಿಕ್ಕ ಮನೆ. ಈ ಊರಿನ ಪದ್ಧತಿ ಗೊತ್ತಲ್ಲ: ಹತ್ತು ತಿಂಗಳ ಅಡ್ವಾನ್ಸು, ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಕಟ್. ಅಪ್ಪನೂ ಹಿಡಿಯುತ್ತಿದ್ದರು. ಹಿಡಿದ ಮೇಲೆ ಅಡುಗೆಮನೆ ಗೋಡೆಗೆ ಮಾತ್ರ ಒಂದು ಕೋಟ್ ಸುಣ್ಣ ಹೊಡೆಸಿ, ಉಳಿದದ್ದನ್ನು ಒರೆಸಿ, ಮುಂದಿನವರಿಗೆ ಕೀ ಕೊಡುತ್ತಿದ್ದರು. ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದೇ. ತಪ್ಪು ಅಂತ ಯಾರ ಬಾಯಲ್ಲೂ ಬಂದದ್ದಿಲ್ಲ, ಖಾಲಿ ಮಾಡಿದವರ ಬಾಯಲ್ಲೂ.

ನಿವೃತ್ತಿಯ ನಂತರದ ಒಂದು ತಪಸ್ಸುಕಾಲ. ಧ್ಯಾನಕೂಟದಲ್ಲಿ ಸುಂಕದ ಅಧಿಕಾರಿ ಜಕ್ಕಾಯನ ಕಥೆ ಓದಿದ್ದರಂತೆ. ಅಪ್ಪ ಗುರುಗಳ ಹತ್ತಿರ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ ಮುಗಿಸಿ ಮನೆಗೆ ಬಂದವರೇ ಬೀರುವಿನ ಮೇಲಿಂದ ಬಾಡಿಗೆ ಲೆಕ್ಕದ ಹಳೇ ಪುಸ್ತಕ ಇಳಿಸಿದರು. ಗುರುಗಳು ಏನು ಹೇಳಿದರು ಅಂತ ನಾವು ಕೇಳಲಿಲ್ಲ, ಅದು ಕೇಳುವ ವಿಷಯವೂ ಅಲ್ಲ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಕಾರ್ಬನ್ ಪೇಪರಿನ ನೀಲಿ ಅಂಚಿಗೆಲ್ಲ ಹತ್ತಿತ್ತು. ಒಂದೊಂದು ಹೆಸರಿನ ಮುಂದೆಯೂ ಅಡ್ವಾನ್ಸು, ಕೆಳಗೆ "ಪೇಂಟಿಂಗ್" ಅಂತ ಅಪ್ಪನ ಗುಂಡು ಅಕ್ಷರ, ಮುಂದೆ 2,500. ಅಪ್ಪ ಪೆನ್ಸಿಲ್ ತಗೊಂಡು ಪ್ರತಿ "ಪೇಂಟಿಂಗ್" ಪಕ್ಕ ಒಂದು ಚುಕ್ಕೆ ಇಡುತ್ತಾ ಹೋದರು. ನಿಜವಾಗಿ ಬಣ್ಣ ಹೊಡೆಸಿದ್ದ ವರ್ಷಕ್ಕೆ ಚುಕ್ಕೆ ಇಡಲಿಲ್ಲ.

ಜಕ್ಕಾಯ ತಾನು ಮೋಸದಿಂದ ತಗೊಂಡದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಎಲ್ಲರಿಗೂ ಗೊತ್ತು. ಹಳೆಯ ಧರ್ಮಶಾಸ್ತ್ರ ಅಷ್ಟು ಕೇಳುತ್ತಿರಲಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಅನ್ನುತ್ತದೆ ಸಂಖ್ಯಾಕಾಂಡದ ಐದನೇ ಅಧ್ಯಾಯ. ಕುರಿ ಕದ್ದು, ಕೊಂದೋ ಮಾರಿಯೋ ಬಿಟ್ಟವನಿಗೆ ಮಾತ್ರ ನಾಲ್ಕರಷ್ಟು. ಜಕ್ಕಾಯ ತನ್ನನ್ನು ತಾನೇ ಕುರಿಗಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ, ಅದಕ್ಕೂ ಮೊದಲು ಆಸ್ತಿಯ ಅರ್ಧ ಬಡವರಿಗೆ ಅಂದ. ಯೇಸುಸ್ವಾಮಿ ಅವನಿಗೆ ಇಂತಿಷ್ಟು ಕೊಡು ಅಂತ ಹೇಳಿದ್ದು ಎಲ್ಲೂ ಇಲ್ಲ. ನಿನ್ನ ಮನೆಗೆ ಬರುತ್ತೇನೆ ಅಂದರು, ಅಷ್ಟೇ. ಆ ಸಂತೋಷಕ್ಕೇ ಅವನ ಗಂಟು ಬಿಚ್ಚಿಕೊಂಡಿತು. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾಗುವುದು ಅದೇ.

ನಾಲ್ಕರಷ್ಟು ಕೊಡುವ ಶಕ್ತಿ ಅಪ್ಪನಿಗೆ ಇರಲಿಲ್ಲ. ಐದನೇ ಒಂದು ಪಾಲು ಸೇರಿಸಿ ತಲಾ 3,000 ಅಂತ ಬರೆದರು. ಅಣ್ಣ ಪಕ್ಕದಲ್ಲಿ ಕೂತು, "ಅವತ್ತಿನ ಎರಡೂವರೆ ಸಾವಿರಕ್ಕೆ ಇವತ್ತು ಏನಪ್ಪ ಬರುತ್ತೆ?" ಅಂದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಹೊಡೆದುಹಾಕಿ, ಈಗಿನ ಒಂದು ತಿಂಗಳ ಬಾಡಿಗೆ 9,000, ಅದರ ಮೇಲೆ 1,800 ಅಂತ ತಿದ್ದಿದರು. ಅಮ್ಮ ಆಗ ಬಾಯಿಬಿಟ್ಟರು. ಆ ದುಡ್ಡು ಎಲ್ಲಿಂದ ಬರಬೇಕು ಅಂತ ಅವರಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಇಡೀ ಕುಟುಂಬ ಮರಿಯ ಮಾತೆಯ ಪುಣ್ಯಕ್ಷೇತ್ರ ವೇಳಾಂಕಣ್ಣಿಗೆ ಹೋಗಲೆಂದು ಕೂಡಿಟ್ಟ ಹಣ ಅದು. ಅಮ್ಮನ ಹರಕೆ ಬೇರೆ ಇತ್ತು. ಮಾತೆಗೆ ಹೊತ್ತ ಹರಕೆಯನ್ನು ಮುರಿಯುವುದು ಯಾವ ಸೀಮೆ ಪ್ರಾಯಶ್ಚಿತ್ತ ಅಂತ ಅತ್ತರು. ಅಪ್ಪ ಮತ್ತಾಯನ ಐದನೇ ಅಧ್ಯಾಯ ತೆಗೆದು ಓದಿದರು: ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಹರಕೆ ಮುರಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಂದರು.

ತನ್ನನ್ನು ತಾನು ನಿರಾಕರಿಸಿ, ಅನುದಿನ ತನ್ನ ಶಿಲುಬೆಯನ್ನು ಹೊತ್ತು ಬರಲಿ ಅನ್ನುವ ಯೇಸುಸ್ವಾಮಿಯ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. "ಅನುದಿನ" ಅನ್ನುವುದು ಲೂಕನಲ್ಲಿ ಮಾತ್ರ ಇದೆ. ಅದರ ಭಾರ ಎಷ್ಟು ಅಂತ ನನಗೆ ತಿಳಿದದ್ದು ಅಮ್ಮ ಮಾರನೇ ದಿನ ತಾವೇ ಬೀರು ತೆಗೆದು ಆ ದುಡ್ಡಿನ ಕವರನ್ನು ಅಪ್ಪನ ಕೈಗೆ ಇಟ್ಟಾಗ. ಯಾರಿಗೂ ಕಾಣದ ಉಪವಾಸ ಅಂತ ಇದ್ದರೆ ಅಮ್ಮನದೇ.

ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 1459ನೇ ಪ್ಯಾರಾದಲ್ಲಿ ಈ ವಿಷಯ ನೇರವಾಗಿಯೇ ಇದೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಗುತ್ತದೆ, ಪಾಪ ಮಾಡಿದ ಹಾನಿ ತಾನಾಗಿ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಕೈಲಾದಷ್ಟು. ಹೆಸರಿನ ವಿಷಯ ದುಡ್ಡಿಗಿಂತ ಕಷ್ಟ. ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬ ಹೆಣ್ಣುಮಗಳ ಬಗ್ಗೆ ಬಂದ ಸುಳ್ಳನ್ನು ಹತ್ತು ಜನ ಮುಂದೆ ಕಳಿಸಿರುತ್ತಾರೆ. ಅದು ಸುಳ್ಳು ಅಂತ ಅದೇ ಗ್ರೂಪಿನಲ್ಲಿ ಬರೆಯುವವರು ಒಬ್ಬರೂ ಇರುವುದಿಲ್ಲ. ಈ ತಪಸ್ಸುಕಾಲದಲ್ಲಿ ಮೊಬೈಲ್ ಬಿಟ್ಟೆ ಅನ್ನುವವರು ಬಿಡುವ ಮೊದಲು ಆ ಒಂದು ಸಾಲನ್ನು ಟೈಪ್ ಮಾಡಿ ಕಳಿಸಲಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಅಪ್ಪನ ಪುಸ್ತಕದ ಕುಟುಂಬಗಳಲ್ಲಿ ಒಂದರ ಸುಳಿವು ಸಿಗಲೇ ಇಲ್ಲ. ಅವರ ಪಾಲು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಮೂಲಕ ಒಬ್ಬ ವಿಧವೆಯ ಮನೆ ಬಾಡಿಗೆಗೆ ಹೋಯಿತು. ಹೊಸಕೋಟೆಯಲ್ಲಿದ್ದ ಡ್ರೈವರ್ ಕುಟುಂಬ ಅಪ್ಪನನ್ನೂ ನನ್ನನ್ನೂ ಊಟಕ್ಕೆ ಕೂರಿಸಿತು. ತಪಸ್ಸುಕಾಲದ ಶುಕ್ರವಾರ ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಕೋಳಿಸಾರು ಒಳಗಿಟ್ಟು ಹುರುಳಿಕಾಳಿನ ಸಾರು ಬಡಿಸಿದರು.

ಮೂರನೆಯವರು ಹೆಣ್ಣೂರಿನಲ್ಲಿದ್ದರು. ಆ ಹೆಂಗಸು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮನೆ ಖಾಲಿ ಮಾಡಿದ ತಿಂಗಳೇ ಮಗನ ಸ್ಕೂಲ್ ಫೀಸಿಗೆ ಆ ಎರಡೂವರೆ ಸಾವಿರ ಸಾಲ ಮಾಡಿದ್ದಂತೆ. ಬಡ್ಡಿ ಎಷ್ಟು ಕಟ್ಟಿದೆವು ಗೊತ್ತಾ ಅಂತ ಕೇಳಿದರು. ಕವರ್ ತಗೊಂಡರು, ಒಳಗೆ ಬನ್ನಿ ಅನ್ನಲಿಲ್ಲ. ಬಸ್ ಸ್ಟಾಪಿಗೆ ನಡೆದು ಬರುವಾಗ ನನಗೆ ಕೋಪ ಬಂದಿತ್ತು. ಅಪ್ಪ, "ಅವರು ಕೇಳಿದ್ದು ಸರಿಯಾಗಿಯೇ ಇದೆ" ಅಂದರು. ಮನೆಗೆ ಬಂದು, ಆ ಹೆಸರಿನ ಮುಂದೆ ಬಡ್ಡಿಯನ್ನೂ ಲೆಕ್ಕ ಹಾಕಿ ಬರೆದು, ಮುಂದಿನ ತಿಂಗಳ ಪೆನ್ಷನ್ ಬಂದ ಮೇಲೆ ಮತ್ತೊಮ್ಮೆ ಹೆಣ್ಣೂರಿಗೆ ಹೋದರು.