ಟಿವಿಯೊಳಗಿನ ಹುಡುಗಿಗೆ ಅಕ್ಕಿ ಕಳುಹಿಸಿದವರು

ಮಗು ಸತ್ತ ದೃಶ್ಯ ಬಂದಾಗ ಅಮ್ಮ ಅಳಲಿಲ್ಲ; ಎದ್ದು ಅಡುಗೆಮನೆಗೆ ಹೋದರು. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಎಂಬ ಕೊರಿಯನ್ ಧಾರಾವಾಹಿಯನ್ನು ನಾವಿಬ್ಬರೂ ಕೂತು ನೋಡುತ್ತಿದ್ದೆವು. ಪರದೆಯ ಅಡಿಯಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಜೆಜು ದ್ವೀಪದ ಬಡ ದಂಪತಿ ಏ-ಸುನ್ ಮತ್ತು ಗ್ವಾನ್-ಶಿಕ್ ಅವರ ಕಿರಿಯ ಮಗ ಬಿರುಗಾಳಿಯ ದಿನ ತೀರಿಕೊಳ್ಳುತ್ತಾನೆ. ಅಲ್ಲಿಯವರೆಗೆ ಎಲ್ಲವನ್ನೂ ಮೌನವಾಗಿ ಹೊತ್ತುಕೊಂಡು ಬಂದಿದ್ದ ತಂದೆ ಗೋಳಾಡುತ್ತಾನೆ. “ಆ ಕೂಸನ್ನ ಸಾಯಿಸದೇ ಇದ್ದಿದ್ರೆ ಇವರ ಕಥೆ ಮುಂದಕ್ಕೆ ಹೋಗ್ತಿರಲಿಲ್ವಾ?” ಎಂದು ಒಳಗಿನಿಂದ ಅಮ್ಮ ಕೇಳಿದ ದನಿಯಲ್ಲಿ ಸಿಟ್ಟೇ ಇತ್ತು.

ಅದೇ ಅಮ್ಮ ಬಿಕ್ಕಿ ಬಿಕ್ಕಿ ಅತ್ತದ್ದು ಅಕ್ಕಿಯ ಮಡಕೆಯ ದೃಶ್ಯಕ್ಕೆ. ಗಂಡನಿಗೆ ಕೆಲಸವಿಲ್ಲದೆ ಮನೆಯ ಅಕ್ಕಿ ತಳ ಕಂಡಿರುವಾಗ, ಮನೆಯ ಮಾಲೀಕರಾದ ಮುದುಕ ದಂಪತಿ ಯಾರಿಗೂ ಕಾಣದಂತೆ ಬಂದು ಏ-ಸುನ್‌ಳ ಮಡಕೆಗೆ ಅಕ್ಕಿ ಸುರಿದು ಹೋಗುತ್ತಾರೆ. ಅವಳು ಮುಚ್ಚಳ ತೆಗೆದು ನೋಡುವ ಹೊತ್ತಿಗೆ ನಾನು ಅನುವಾದಿಸಬೇಕಾದ ಮಾತೇನೂ ಇರಲಿಲ್ಲ, ಇದ್ದಿದ್ದರೂ ಅಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಸಂಕಟವನ್ನು ಕಂಡು ಪ್ರೇಕ್ಷಕರು ಅಳುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಬರಿಯ ಸಂಕಟ ಅವರನ್ನು ರೇಗಿಸುವುದೇ ಹೆಚ್ಚೆಂದು ನನಗೆ ತೋರುತ್ತದೆ. ಕಣ್ಣೀರು ಬರುವುದು ಆ ಸಂಕಟದ ಕಡೆಗೆ ಯಾರದೋ ಒಂದು ಕೈ ಚಾಚಿದಾಗ. ಕಥೆಯೊಳಗೆ ಯಾರೂ ಕೈ ಚಾಚದಿದ್ದರೆ ನೋಡುವವರೇ ಚಾಚಿಬಿಡುವುದೂ ಉಂಟು. ಜಪಾನಿನಲ್ಲಿ ನಿಜವಾಗಿಯೂ ಹಾಗಾಯಿತು.

1983ರ ಏಪ್ರಿಲ್‌ನಿಂದ ಒಂದು ವರ್ಷ ಕಾಲ ಅಲ್ಲಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ 15 ನಿಮಿಷದಂತೆ ‘ಒಶಿನ್’ ಎಂಬ ಧಾರಾವಾಹಿಯನ್ನು 297 ಕಂತುಗಳಲ್ಲಿ ಪ್ರಸಾರ ಮಾಡಿತು. ಬರೆದವರು ಹಶಿದಾ ಸುಗಾಕೊ. ಯಮಗಾತ ಪ್ರಾಂತದ ಗೇಣಿ ಒಕ್ಕಲಿನ ಮನೆಯ ಏಳು ವರ್ಷದ ಹುಡುಗಿ ಒಶಿನ್‌ಳನ್ನು ಒಂದು ಮೂಟೆ ಅಕ್ಕಿಗಾಗಿ ಮರದ ವ್ಯಾಪಾರಿಯ ಮನೆಗೆ ಜೀತಕ್ಕೆ ಕಳುಹಿಸುತ್ತಾರೆ. ಹಿಮ ತುಂಬಿದ ಮೊಗಾಮಿ ನದಿಯಲ್ಲಿ ತೆಪ್ಪದ ಮೇಲೆ ಅವಳು ದೂರ ಸರಿಯುತ್ತಿದ್ದರೆ, ಮಗಳನ್ನು ಕಳುಹಿಸಿದ ಅಪ್ಪನೂ ದಡದಲ್ಲಿ ನಿಂತು ಅಳುತ್ತಾನೆ. ಒಶಿನ್‌ಗೆ ಊಟಕ್ಕಾಗಲಿ ಎಂದು ನೋಡುಗರು ಎನ್‌ಎಚ್‌ಕೆಗೆ ಅಕ್ಕಿಯನ್ನೂ ಹಣವನ್ನೂ ಕಳುಹಿಸಿದರು. ಅದೇನೂ ಬರಗಾಲದ ಜಪಾನ್ ಆಗಿರಲಿಲ್ಲ, ಕಾರುಗಳನ್ನೂ ಟಿವಿಗಳನ್ನೂ ಜಗತ್ತಿಗೆಲ್ಲ ಮಾರುತ್ತಿದ್ದ ಶ್ರೀಮಂತ ದೇಶವಾಗಿತ್ತು. ಅಕ್ಕಿ ಕಟ್ಟಿ ಕಳುಹಿಸಿದವರಲ್ಲಿ, ಅಕ್ಕಿ ಸಾಲದೆ ಮೂಲಂಗಿ ಬೆರೆಸಿ ಬೇಯಿಸಿದ ಅನ್ನವನ್ನು ಸ್ವತಃ ತಿಂದು ಬೆಳೆದವರೂ ಇದ್ದಿರಬೇಕು.

ನಮ್ಮ ಆಲಂಕಾರಿಕರ, ಅಂದರೆ ಹಳೆಯ ಕಾವ್ಯಮೀಮಾಂಸಕರ, ಪ್ರಕಾರ ರಂಗದ ಮೇಲಿನ ಶೋಕವು ಪ್ರೇಕ್ಷಕನ ಸ್ವಂತ ಶೋಕವಾಗದೆ, ಸಾಧಾರಣೀಕರಣಗೊಂಡು, ಅಂದರೆ ಯಾರೊಬ್ಬರದೂ ಆಗದೆ ಎಲ್ಲರದೂ ಆಗಿ, ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಅಂಚೆಯಲ್ಲಿ ಅಕ್ಕಿ ಕಳುಹಿಸಿದವನನ್ನು ಅವರು ಪಕ್ವ ಸಹೃದಯನೆಂದು, ರಸವನ್ನು ಸವಿಯಬಲ್ಲ ನೋಡುಗನೆಂದು, ಒಪ್ಪುತ್ತಿರಲಿಲ್ಲವೇನೋ. ನನಗಂತೂ ಅವನ ಮೇಲೆಯೇ ಪ್ರೀತಿ.

‘ಒಶಿನ್’ ಧಾರಾವಾಹಿಯ ಸರಾಸರಿ ವೀಕ್ಷಕ ಪ್ರಮಾಣ ಶೇ. 52.6, ಗರಿಷ್ಠ ಶೇ. 62.9. ಆದರೆ ಜನ ನೆನಪಿಟ್ಟುಕೊಂಡದ್ದು ಕೆಲವೇ ವಾರ ನಡೆದ ಬಾಲ್ಯದ ಭಾಗವನ್ನು. ಕಥೆ ತೊಡಗುವುದಾದರೂ 1983ರಲ್ಲಿ, ತನ್ನ ಕುಟುಂಬದ ಹದಿನೇಳನೆಯ ಸೂಪರ್‌ಮಾರ್ಕೆಟ್ ತೆರೆಯುವ ದಿನವೇ ಮನೆ ಬಿಟ್ಟು ಹೋಗುವ ಮುದುಕಿಯೊಬ್ಬಳಿಂದ; ಅವಳೇ ವಯಸ್ಸಾದ ಒಶಿನ್. ಸಿರಿತನದ ದಾರಿಯಲ್ಲಿ ತಾನು ಏನನ್ನು ಕೈಬಿಟ್ಟೆ ಎಂದು ಅವಳು ಹುಡುಕಲು ಹೊರಡುತ್ತಾಳೆ. ಆ ಕಹಿ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪ್ರೇಕ್ಷಕರು ಪುಟ್ಟ ಹುಡುಗಿಯ ಸಹನೆಯನ್ನು ಮಾತ್ರ ಎತ್ತಿಕೊಂಡರು. ಇದನ್ನು ಮೆಚ್ಚಬೇಕೋ ಬೇಡವೋ ನನಗೆ ಇನ್ನೂ ನಿರ್ಧರಿಸಲಾಗಿಲ್ಲ.

ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ‘ಒಶಿನ್’ ಪ್ರಸಾರವಾಯಿತು. ಇರಾಕ್ ಜೊತೆಗಿನ ಯುದ್ಧದಿಂದ ಬಸವಳಿದಿದ್ದ ಇರಾನಿನಲ್ಲಿ ಅದು ಮನೆಮಾತಾಗಿ, ಅವಳ ಗಂಡನ ಮನೆತನವಾದ ತಾನೊಕುರಾ ಎಂಬ ಹೆಸರು ‘ತಾನಾಕುರಾ’ ಎಂದಾಗಿ, ಹಳೆ ಬಟ್ಟೆ ಮಾರುವ ಅಂಗಡಿಗಳಿಗೆ ಅಲ್ಲಿ ಅಂಟಿಕೊಂಡಿತು. 1989ರಲ್ಲಿ ತನ್ನ ಆದರ್ಶ ಪ್ರವಾದಿಯವರ ಮಗಳಲ್ಲ, ಒಶಿನ್ ಎಂದು ರೇಡಿಯೋದಲ್ಲಿ ಮಹಿಳೆಯೊಬ್ಬರು ಹೇಳಿದ್ದು ಇರಾನಿನ ಪರಮೋಚ್ಚ ನಾಯಕ ಖೊಮೇನಿಯವರ ಕೋಪಕ್ಕೆ ಕಾರಣವಾಗಿ, ಕಾರ್ಯಕ್ರಮದ ಹೊಣೆ ಹೊತ್ತವರಿಗೆ ಶಿಕ್ಷೆ ವಿಧಿಸುವವರೆಗೂ ಹೋಯಿತು. ಆಮೇಲೆ ಕ್ಷಮೆಯೂ ಸಿಕ್ಕಿತು.

ಕೊರಿಯಾದ ಪ್ರೇಕ್ಷಕರು ಇಂಥ ಸಂಕಟಕ್ಕೆ ಲೆಕ್ಕ ಕೇಳುವುದರಲ್ಲಿ ಬಲು ನಿಷ್ಠುರರು. ಒಳ್ಳೆಯವರು ಕಾರಣವಿಲ್ಲದೆ ನರಳುತ್ತ, ಹೇಳಬೇಕಾದ ಮಾತನ್ನು ಹೇಳದೆ ಕಂತು ಕಂತು ಕಳೆದರೆ ಅದನ್ನು ಅವರು ‘ಗೊಗುಮಾ’, ಅಂದರೆ ಗೆಣಸು, ಎನ್ನುತ್ತಾರೆ: ಬೇಯಿಸಿದ ಗೆಣಸನ್ನು ನೀರಿಲ್ಲದೆ ತಿಂದು ಗಂಟಲಿಗೆ ಸಿಕ್ಕಿಕೊಂಡ ಹಾಗೆ. ಅನ್ಯಾಯ ಮಾಡಿದವರಿಗೆ ತಕ್ಕ ಉತ್ತರ ಸಿಕ್ಕ ಕ್ಷಣ ‘ಸೈದಾ’, ನಮ್ಮ ಗೋಲಿ ಸೋಡಾದಂಥ ಪಾನೀಯದ ಹೆಸರು. ಬಲವಂತವಾಗಿ ಅಳಿಸುವ ಕಥೆಗೆ ‘ಶಿನ್ಪಾ’ ಎಂಬ ಹಳೆಯ ನಾಟಕ ಪ್ರಕಾರದ ಹೆಸರನ್ನೇ ಬೈಗುಳವಾಗಿ ಬಳಸುತ್ತಾರೆ. ಅಮ್ಮ ಅಡುಗೆಮನೆಯಿಂದ ಹೇಳಿದ್ದು ಇದನ್ನೇ ಅಲ್ಲವೇ?

ಅಮ್ಮನಿಗೆ ಗೆಣಸಿನ ಅರ್ಥ ವಿವರಿಸಿದೆ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಸೊಸೆಯಂದಿರು ವರ್ಷಗಟ್ಟಲೆ ಪಡುವ ಪಾಡಿಗೆ ಗೆಣಸು ಸಾಲದು, ಗೆಣಸಿನ ಹೊಲವೇ ಬೇಕು ಎಂದು ನಕ್ಕರು. ಆಮೇಲೆ, ಕೇಳದೆಯೇ, ಅಜ್ಜಿಯ ವಿಷಯ ತೆಗೆದರು. ಮನೆಯಲ್ಲಿ ಅಕ್ಕಿ ಮುಗಿದಾಗ ಅಜ್ಜಿ ಸೆರಗಿನಡಿ ಪಾವು ಮುಚ್ಚಿಕೊಂಡು ಪಕ್ಕದ ಮನೆಗೆ ಕೈಗಡಕ್ಕೆ ಹೋಗುತ್ತಿದ್ದರಂತೆ. ಆ ಮನೆಯಾಕೆ ಪಾವಿನ ಬಾಯಿಯನ್ನು ಎಂದೂ ಕೈಯಿಂದ ಸವರಿ ಮಟ್ಟ ಮಾಡುತ್ತಿರಲಿಲ್ಲವಂತೆ, ಗೋಪುರದಂತೆ ತುಂಬಿಯೇ ಕೊಡುತ್ತಿದ್ದರಂತೆ. ಆಕೆಯ ಹೆಸರು ಅಮ್ಮನಿಗೆ ಇನ್ನೂ ನೆನಪಿದೆ.