ಓದ್ಲಿಕ್ಕೆ ಬರ್ತದೆ, ಬರಿಲಿಕ್ಕೆ ಮಾತ್ರ ಆಗುದಿಲ್ಲ

"ನಮ್ಮವನಿಗೆ ಓದ್ಲಿಕ್ಕೆ ಎಂತ ತೊಂದ್ರೆ ಇಲ್ಲ ಟೀಚರ್, ಬರಿಲಿಕ್ಕೆ ಮಾತ್ರ ಉದಾಸೀನ." ಉಡುಪಿಯಲ್ಲಿ ಸಂಜೆ ಹೊತ್ತು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳ್ತೇನೆ ನಾನು, ಹೊಸ ಮಕ್ಕಳನ್ನು ಸೇರಿಸ್ಲಿಕ್ಕೆ ಬರುವಾಗ ಯಾರಾದ್ರೂ ಒಬ್ರು ಅಪ್ಪನೋ ಅಮ್ಮನೋ ಈ ಮಾತು ಹೇಳಿಯೇ ಹೇಳ್ತಾರೆ. ಪಕ್ಕದಲ್ಲಿ ಮಗು ನಿಂತಿರ್ತದೆ, ಅದಕ್ಕೂ ಕೇಳ್ತದೆ. ಆ ಉದಾಸೀನ ಅನ್ನುವುದನ್ನು ನಾನು ಒಪ್ಪುದಿಲ್ಲ. ಯಾಕೆ ಒಪ್ಪುದಿಲ್ಲ ಅಂತ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಇಲ್ಲಿ ಬರಿತಾ ಇದ್ದೇನೆ.

ನನ್ನ ಹತ್ರ ಬರುವ ಒಬ್ಬ ಹುಡುಗ ಇದ್ದಾನೆ, ಐದನೇ ಕ್ಲಾಸು, ಕನ್ನಡ ಮೀಡಿಯಂ, ಮನೆಯಲ್ಲಿ ತುಳು ಮಾತಾಡುದು. ಬಂದ ಕೂಡ್ಲೆ ಬ್ಯಾಗ್ ಇಟ್ಟು ಜಗಲಿಯಲ್ಲಿದ್ದ ಉದಯವಾಣಿ ತೆಗೆದು ಕ್ರಿಕೆಟ್ ಪುಟ ಓದ್ಲಿಕ್ಕೆ ಶುರು ಮಾಡ್ತಾನೆ, ದೊಡ್ಡ ಸ್ವರದಲ್ಲಿ, ತಡವರಿಸುದು ಅಂತಲೇ ಇಲ್ಲ, ಅರ್ಧಶತಕ ಜೊತೆಯಾಟ ಪ್ರತ್ಯುತ್ತರ ಎಲ್ಲ ಸರಾಗ. ಬರೀ ಓದುದಲ್ಲ, ಅರ್ಥವೂ ಆಗಿರ್ತದೆ, ಕೇಳಿದ್ರೆ ಇಡೀ ಮ್ಯಾಚಿನ ಕತೆ ಹೇಳ್ತಾನೆ. ಅದೇ ಹುಡುಗ ಸ್ವಾತಂತ್ರ್ಯ ದಿನದ ಬಗ್ಗೆ ಪ್ರಬಂಧ ಬರೆದ ಪುಟ ನನ್ನ ಮುಂದೆ ಉಂಟು. 'ಸ್ವಾತಂತ್ರ್ಯ' ಅನ್ನುವ ಪದ ಒಂದೇ ಪುಟದಲ್ಲಿ ಮೂರು ಥರ: ಮೇಲೆ 'ಸ್ವತಂತ್ರ', ನಡುವೆ 'ಸಾತಂತ್ಯ', ಕೆಳಗೆ 'ಸ್ವಾತತ್ರ್ಯ'. 'ಧ್ವಜ' ಹೋಗಿ 'ದ್ವಜ', 'ವಿದ್ಯಾರ್ಥಿ' ಹೋಗಿ 'ವಿದ್ಯರ್ತಿ'. ಪೆನ್ಸಿಲ್ ಎಷ್ಟು ಒತ್ತಿದ್ದಾನೆ ಅಂದ್ರೆ ಪುಟ ತಿರುಗಿಸಿ ಬೆರಳಾಡಿಸಿದ್ರೆ ಅಕ್ಷರ ಕೈಗೆ ಸಿಗ್ತದೆ, ಒಂದು ಕಡೆ ರಬ್ಬರ್ ಉಜ್ಜಿ ಉಜ್ಜಿ ಕಾಗದವೇ ಹರಿದಿದೆ. ಉದಾಸೀನದ ಮಗು ಇಷ್ಟು ಸಲ ಉಜ್ಜುದಿಲ್ಲ.

ಮೂರು ಥರ ಬರೆದದ್ದನ್ನು ಗಮನಿಸಬೇಕು. ಪದದ ರೂಪ ತಪ್ಪಾಗಿ ಮನಸ್ಸಲ್ಲಿ ಕೂತಿದ್ರೆ ಮೂರೂ ಸಲ ಅದೇ ತಪ್ಪು ಬರ್ತಿತ್ತು, ಇಲ್ಲಿ ಹಾಗಲ್ಲ, ರೂಪವೇ ಗಟ್ಟಿಯಾಗಿ ಕೂತಿಲ್ಲ, ಅವನು ಪ್ರತಿ ಸಲವೂ ಆ ಪದವನ್ನು ಹೊಸದಾಗಿ ಕಟ್ತಾ ಇದ್ದಾನೆ. ಓದುವಾಗ ಇದು ಗೊತ್ತೇ ಆಗುದಿಲ್ಲ. ಯಾಕಂದ್ರೆ ಓದುವಾಗ ಪದ ಕಣ್ಣ ಮುಂದೆ ಇರ್ತದೆ, ಹಿಂದೆ ಮುಂದೆ ಇರುವ ಪದಗಳ ಸಹಾಯ ಉಂಟು, ಗುರುತು ಹಿಡಿದ್ರೆ ಸಾಕು. ಬರೆಯುವಾಗ ಖಾಲಿ ಗೆರೆ, ಎಲ್ಲ ಒಳಗಿಂದ ತೆಗೀಬೇಕು, ಅದೂ ಒಂದೂ ಬಿಡದೆ, ಸರಿಯಾದ ಕ್ರಮದಲ್ಲಿ, ಕೈಯನ್ನೂ ಆಡಿಸ್ತಾ. ಯಕ್ಷಗಾನಕ್ಕೆ ಕೂತ ನಮಗೆಲ್ಲ ಕೇದಗೆ ಮುಂದಲೆ (ತಲೆಗೆ ಕಟ್ಟುವ ಒಂದು ಥರದ ಮುಂಡಾಸು) ಕಟ್ಟಿದ ವೇಷ ರಂಗಕ್ಕೆ ಬಂದ ಕೂಡ್ಲೆ ಗೊತ್ತಾಗ್ತದೆ, ಹಾಗಂತ ವೇಷ ಕಟ್ಟುವ ಚೌಕಿಗೆ ಕರ್ಕೊಂಡು ಹೋಗಿ ಬಟ್ಟೆ ಕೈಗೆ ಕೊಟ್ಟು ಮುಂದಲೆ ಕಟ್ಟಿ ಅಂದ್ರೆ ಕಟ್ಲಿಕ್ಕೆ ಆಗ್ತದಾ? ಅದು ಬೇರೆಯೇ ವಿದ್ಯೆ, ಬೇರೆಯೇ ಕಲಿಬೇಕು.

ಕೆಲವರು ಹೇಳ್ತಾರೆ ಇಂಗ್ಲಿಷಿಗಾದ್ರೆ ಸ್ಪೆಲ್ಲಿಂಗ್ ಕಷ್ಟ, ಕನ್ನಡಕ್ಕೆಂತ, ಹೇಳಿದ ಹಾಗೆ ಬರೆದ್ರೆ ಆಯ್ತಲ್ಲ ಅಂತ. ಓದುವವನಿಗೆ ಅದು ಹೆಚ್ಚುಕಡಿಮೆ ನಿಜ, ಬರೆಯುವ ಮಗುವಿಗೆ ಅಲ್ಲ. 'ಅಕ್ಕಿ' ಬರೆದು ನೋಡಿ. ಕಿವಿಗೆ ಕೇಳುದು ಅ, ಕ್, ಕ್, ಇ. ಇ ಕೊನೆಗೆ. ಆದ್ರೆ ಕೈ ಮೊದಲು 'ಕಿ' ಬರೀಬೇಕು, ಗುಡಿಸನ್ನು ಮೇಲಿನ ಅಕ್ಷರಕ್ಕೆ ಕೊಡಬೇಕು, ಆಮೇಲೆ ಕೆಳಗೆ ಒತ್ತು. 'ಸೂರ್ಯ'ದಲ್ಲಿ ರ್ ಮೊದಲು ಕೇಳ್ತದೆ, ಯ ಆಮೇಲೆ, ಬರೆಯುವಾಗ ಯ ಮೊದಲು, ಅರ್ಕಾವತ್ತು ಅದರ ನಂತರ. ಕಿವಿ ಕೇಳಿದ ಕ್ರಮ ಒಂದು, ಕೈ ಬರೆಯುವ ಕ್ರಮ ಇನ್ನೊಂದು. ಹೆಚ್ಚಿನ ಮಕ್ಕಳಿಗೆ ಇದು ಎರಡು ಮೂರನೇ ಕ್ಲಾಸಿಗಾಗುವಾಗ ತನ್ನಷ್ಟಕ್ಕೆ ಸರಿ ಆಗ್ತದೆ, ಕೆಲವರಿಗೆ ಆಗುದಿಲ್ಲ, ಅವರು ಕೇಳಿದ ಕ್ರಮದಲ್ಲೇ ಬರೀಲಿಕ್ಕೆ ಹೋಗಿ ಒತ್ತು ತಪ್ತದೆ, ದೀರ್ಘ ಬಿಟ್ಟುಹೋಗ್ತದೆ. ಇದ್ರ ಮೇಲೆ ನಮ್ಮೂರಿನ ಇನ್ನೊಂದು ವಿಷಯ ಉಂಟು. ಆಡುಮಾತಿನ ತುಳುವಲ್ಲಿ ಮಹಾಪ್ರಾಣ ಇಲ್ಲ. ಭೂಮಿಯ ಭ, ಧನದ ಧ ಮನೆಯಲ್ಲಿ ಕಿವಿಗೇ ಬೀಳದ ಶಬ್ದಗಳು, ಹಾಗಿರುವಾಗ ಕಿವಿಯನ್ನು ನಂಬಿ ಬರೆಯುವ ಮಗು 'ಬೂಮಿ' ಅಂತಲೇ ಬರಿತದೆ. ಆ ತಪ್ಪೊಂದನ್ನೇ ಹಿಡ್ಕೊಂಡು ಮಗುವಿಗೆ ಸಮಸ್ಯೆ ಉಂಟು ಅಂತ ಹೇಳ್ಲಿಕ್ಕಾಗುದಿಲ್ಲ, ತುಳು ಮನೆಯ ಹೆಚ್ಚಿನ ಮಕ್ಕಳು ಹಾಗೇ ಶುರು ಮಾಡುದು. ಒತ್ತು, ದೀರ್ಘ, ಅಕ್ಷರದ ಕ್ರಮ ಎಲ್ಲವೂ ನಾಲ್ಕು ಐದನೇ ಕ್ಲಾಸಿಗೆ ಬಂದ ಮೇಲೂ ದಿನಕ್ಕೊಂದು ಥರ ತಪ್ತಾ ಇದ್ರೆ ಆಗ ಯೋಚನೆ ಮಾಡಬೇಕು.

ಇಂಗ್ಲಿಷಿನ ಬಗ್ಗೆ ಹೆಚ್ಚು ಹೇಳುದೇ ಬೇಡ. 26 ಅಕ್ಷರ, ಸುಮಾರು 44 ಶಬ್ದ, ನೈಟ್ ಬರೀಲಿಕ್ಕೆ ನಡುವೆ ಒಂದು ಜಿ ಒಂದು ಎಚ್ ಸುಮ್ಮನೆ ಕೂತಿರ್ತದೆ. ಕನ್ನಡದಲ್ಲಿ ಹೇಗೋ ಸುಧಾರಿಸಿದ ಮಗು ಇಲ್ಲಿ ಪೂರ್ತಿ ಸೋಲ್ತದೆ.

ನನಗೆ ಎಲ್ಲಕ್ಕಿಂತ ಬೇಜಾರಾಗುವ ವಿಷಯ ತಪ್ಪುಗಳಲ್ಲ. ಇಂಥ ಮಕ್ಕಳು ನಿಧಾನಕ್ಕೆ ತಮ್ಮ ಒಳ್ಳೊಳ್ಳೆ ಪದಗಳನ್ನು ಬಿಟ್ಟುಬಿಡ್ತಾರೆ. ಏಳನೇ ಕ್ಲಾಸಿನ ಒಬ್ಳು ಹುಡುಗಿ ಮಲ್ಪೆ ಬೀಚಿಗೆ ಹೋದದ್ದನ್ನು ನನ್ನ ಹತ್ರ ಹೇಳುವಾಗ, ದೋಣಿ ಬಂದು ದಡ ಸೇರುವಾಗ ಕೊಕ್ಕರೆಗಳೆಲ್ಲ ಹೇಗೆ ಒಟ್ಟಿಗೆ ಹಾರಿದ್ವು, ಬಲೆಯಲ್ಲಿ ಬಂಗುಡೆ ಹೇಗೆ ಮಿನುಗ್ತಿತ್ತು, ಮಂಜುಗಡ್ಡೆ ಪುಡಿ ಮಾಡುವ ಮಿಷನ್ನಿನ ಶಬ್ದಕ್ಕೆ ಅವಳ ತಮ್ಮ ಕಿವಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದ್ಳು, ಕೇಳ್ತಾ ಕೂತ್ಕೊಳ್ಬೇಕು ಅನಿಸುವ ಹಾಗೆ. ಸರಿ, ಇದನ್ನೇ ಬರಿ ಅಂದೆ. ಬರೆದದ್ದು ಇಷ್ಟು: 'ನಾವು ಮಲ್ಪೆಗೆ ಹೋದೆವು. ಅಲ್ಲಿ ಮೀನು ಇತ್ತು. ತುಂಬಾ ಚೆಂದ ಇತ್ತು.' ಕೊಕ್ಕರೆ ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ "ಅದ್ರ ಒತ್ತು ಗೊತ್ತಿಲ್ಲ ಟೀಚರ್" ಅಂದ್ಳು. ಆ ಮೂರು ಸಾಲಿನಲ್ಲಿ ಒಂದು ತಪ್ಪೂ ಇಲ್ಲ, ಶಾಲೆಯಲ್ಲಾದ್ರೆ ರೈಟ್ ಮಾರ್ಕ್ ಸಿಗ್ತದೆ. ಆದ್ರೆ ಅವಳು ಕಂಡದ್ದು ಯಾವುದೂ ಅದ್ರಲ್ಲಿಲ್ಲ. ಹೀಗೆ ತಪ್ಪಾಗದ ಹಾಗೆ ಬರಿಲಿಕ್ಕೆ ಕಲಿತ ಮಗುವಿನ ಪುಸ್ತಕ ನೋಡಿದ್ರೆ ಟೀಚರಿಗೆ ಎಂತ ಅನಿಸ್ತದೆ? ಈ ಮಗುವಿಗೆ ವಿಚಾರವೇ ಇಲ್ಲ, ಸಾಧಾರಣ ಅಂತ. ಓದುವ ವಿದ್ಯೆ ಚೆನ್ನಾಗಿರುವ ಕಾರಣ ತೊಂದ್ರೆ ಇರುದು ಯಾರಿಗೂ ಕಾಣುದಿಲ್ಲ, ಬರವಣಿಗೆ ಸಣ್ಣದಾದ ಕಾರಣ ಬುದ್ಧಿ ಇರುದೂ ಯಾರಿಗೂ ಕಾಣುದಿಲ್ಲ.

ಇದು ನಾನು ಸುಮ್ನೆ ಮಕ್ಕಳ ಮೇಲಿನ ಪ್ರೀತಿಗೆ ಹೇಳುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ಓದಿನ ತೊಂದ್ರೆ ಇಲ್ಲದೆ ಬರೀ ಸ್ಪೆಲ್ಲಿಂಗಿನ ತೊಂದ್ರೆ ಇರುವವರಿಗೆ ಪ್ರತ್ಯೇಕ ನಂಬರೇ ಉಂಟು, ಎಫ್81.1 ಅಂತ. ಕೈಬರಹ, ಬರವಣಿಗೆಯ ತೊಂದ್ರೆಗೆ ಡಿಸ್‌ಗ್ರಾಫಿಯಾ ಅಂತಾರೆ, ಓದಿನ ತೊಂದ್ರೆ ಡಿಸ್ಲೆಕ್ಸಿಯಾ, ಎರಡೂ ಒಟ್ಟಿಗೆ ಇರಬಹುದು, ಒಂದೇ ಇರಬಹುದು. ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯಿದೆಯಲ್ಲಿ ಇದ್ದದ್ದು 7 ವಿಧ, ಕಲಿಕೆಯ ತೊಂದ್ರೆ ಅದ್ರಲ್ಲಿ ಇರ್ಲಿಲ್ಲ, 2016ರ ಹೊಸ ಕಾಯಿದೆಯಲ್ಲಿ 21 ಆಯ್ತು, ಅದ್ರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಆ ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲ ಸ್ಪಷ್ಟವಾಗಿ ಬರೆದಿದ್ದಾರೆ. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಅಲ್ಲ, ಮಗುವಿನ ಹಕ್ಕು.

ಇನ್ನು ಮನೆಯಲ್ಲಿ ಎಂತ ಮಾಡುದು? ಮೊದಲನೆಯದಾಗಿ ತಪ್ಪಿದ ಪದವನ್ನು ಐವತ್ತು ಸಲ ಕಾಪಿ ಬರೆಸುದನ್ನು ದಯಮಾಡಿ ನಿಲ್ಲಿಸಿ. ಮೇಲಿನ ಸಾಲು ನೋಡಿ ಕೆಳಗೆ ಬರೆಯುವಾಗ ನೆನಪಿಗೆ ಕೆಲಸವೇ ಇಲ್ಲ, ಹತ್ತನೇ ಸಲಕ್ಕೆ ಮಗು ಮೊದಲು ಎಲ್ಲ ಸ ಬರಿತದೆ ಉದ್ದಕ್ಕೆ, ಆಮೇಲೆ ಎಲ್ಲದಕ್ಕೂ ಒತ್ತು, ಕೈ ನೋವು ಮಾತ್ರ ಲಾಭ. ಅದ್ರ ಬದಲು ಪದವನ್ನು ಒಂದು ಸಲ ಸರಿಯಾಗಿ ನೋಡಿ, ಬಾಯಲ್ಲಿ ಬಿಡಿಸಿ ಹೇಳಿ ("ಕೊ, ಕಕ್ಕೆ ಕ ಒತ್ತು, ರೆ"), ಪುಸ್ತಕ ಮುಚ್ಚಿ, ನೆನಪಿಂದ ಬರೆದು, ತೆರೆದು ತಾನೇ ಹೋಲಿಸಿ ನೋಡ್ಲಿ. ನಾಳೆ ಇನ್ನೊಮ್ಮೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ವಾರಕ್ಕೆ ನಾಲ್ಕೈದು ಪದ ಸಾಕು, ಅದೂ ಮಗು ತಾನೇ ಬರೆಯಬೇಕು ಅಂತ ಆಸೆಪಟ್ಟ ಪದಗಳು. ಆ ಹುಡುಗಿಗೆ ನಾವು ಮೊದಲು ತೆಗೊಂಡದ್ದು ಕೊಕ್ಕರೆ ಮತ್ತೆ ಮಂಜುಗಡ್ಡೆ.

ವಿಚಾರ ಬೇರೆ, ಕಾಗುಣಿತ ಬೇರೆ ಅಂತ ಎರಡನ್ನೂ ಬಿಡಿಸಿ ಇಡಬೇಕು. ಮೊದಲು ಮಗು ಬಾಯಲ್ಲಿ ಹೇಳ್ಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅಥವಾ ನೀವೇ ಬರೆದುಕೊಳ್ಳಿ. ಪ್ರಬಂಧ ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಮೊದಲು ಹೇಳಿ, ತಪ್ಪಿನ ಲೆಕ್ಕ ಬೇರೆ ಹೊತ್ತಿಗೆ, ಎಲ್ಲ ತಪ್ಪಿಗೂ ಕೆಂಪು ಗೆರೆ ಹಾಕದೆ ಒಂದು ವಾರ ಒತ್ತು ಮಾತ್ರ, ಇನ್ನೊಂದು ವಾರ ದೀರ್ಘ ಮಾತ್ರ ನೋಡಿ.

ಮತ್ತೆ ಟೈಪಿಂಗ್. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳ್ತೇನೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ, ನುಡಿ ತಂತ್ರಾಂಶದಲ್ಲಿ ಇರುದೂ ಅದೇ ವಿನ್ಯಾಸ, ಅದ್ರಲ್ಲಿ ಅಕ್ಕಿ ಬರೀಲಿಕ್ಕೆ ಒತ್ತುದು ಎ, ಕೆ, ಎಫ್, ಕೆ, ಐ. ಎಫ್ ಅಂದ್ರೆ ಒತ್ತಕ್ಷರಕ್ಕೆ. ನೋಡಿ, ಅ, ಕ್, ಕ, ಇ, ಕಿವಿಗೆ ಕೇಳಿದ ಕ್ರಮದಲ್ಲೇ ಬೆರಳು ಹೋಗ್ತದೆ, ಗುಡಿಸು ಎಲ್ಲಿ ಕೂರಬೇಕು ಒತ್ತು ಎಲ್ಲಿ ಕೂರಬೇಕು ಅಂತ ಕಂಪ್ಯೂಟರ್ ನೋಡಿಕೊಳ್ತದೆ. ಸೂರ್ಯದಲ್ಲಿಯೂ ರ್ ಮೊದಲು, ಯ ಆಮೇಲೆ. ಕೈಯಲ್ಲಿ ತಡವರಿಸುವ ಐದನೇ ಕ್ಲಾಸಿನ ಹುಡುಗ ಲ್ಯಾಪ್‌ಟಾಪಿನಲ್ಲಿ 'ಅಕ್ಕಿ' ಸರಿಯಾಗಿ ಮೂಡಿದ್ದನ್ನು ನೋಡಿ ಮತ್ತೆ ಮತ್ತೆ ಅದನ್ನೇ ಹೊಡೆದ, ಆಮೇಲೆ 'ಬೆಕ್ಕು', 'ಹಕ್ಕಿ', ಅವನ ಅಜ್ಜಿಯ ಹೆಸರು. ಮಹಾಪ್ರಾಣದ ತೊಂದ್ರೆ ಟೈಪಿಂಗಿನಿಂದ ಹೋಗುದಿಲ್ಲ, ಅದನ್ನು ಕಣ್ಣಲ್ಲೇ ಕಲಿಬೇಕು. ಹಾಗಂತ ಕೈಬರಹ ಬಿಟ್ಟುಬಿಡಿ ಅಂತಲೂ ಅಲ್ಲ, ದಿನಾ ಹತ್ತು ನಿಮಿಷ ಡಬಲ್ ರೂಲ್ ಪುಸ್ತಕದಲ್ಲಿ ಬರೀಲಿ. ಪೆನ್ಸಿಲ್ ಹಿಡಿಯುದೇ ಕಷ್ಟ ಆಗುವವರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಸಹಾಯ ಮಾಡ್ತಾರೆ, ಅದಕ್ಕಿಂತ ಮೊದಲು ಕಣ್ಣು ಕಿವಿ ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ಮಾಡಿಯೂ ಒಂದು ವರ್ಷದಲ್ಲಿ ಸುಧಾರಣೆ ಕಾಣದಿದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗಿ, ದೂರ ಹೋಗ್ಬೇಕು ಅಂತಿಲ್ಲ, ಮಣಿಪಾಲ ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಕ್ರಮ ಉಂಟು, ಅದ್ರಲ್ಲಿ ಓದು, ಬರಹ, ಲೆಕ್ಕ ಬೇರೆ ಬೇರೆ ನೋಡ್ತಾರೆ. ಕಲಿಕಾ ನ್ಯೂನತೆಯ ಸರಕಾರಿ ಸರ್ಟಿಫಿಕೇಟ್ 8 ವರ್ಷ ತುಂಬಿದ ಮೇಲೆಯೇ ಸಿಗುದು. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಅರ್ಹತೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕಡಿಮೆ ಅಂದ್ರೂ 20 ನಿಮಿಷ ಹೆಚ್ಚು ಸಮಯ, ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಕೆಲವರು ಹತ್ತನೇ ಕ್ಲಾಸಿನ ಡಿಸೆಂಬರಿಗೆ ಓಡಾಡ್ಲಿಕ್ಕೆ ಶುರು ಮಾಡ್ತಾರೆ, ಅಷ್ಟು ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುದು, ವರದಿ ಬರುದು, ಶಾಲೆಯಿಂದ ಬೋರ್ಡಿಗೆ ಕಾಗದ ಹೋಗುದು ಎಲ್ಲ ಒಂದರ ಮೇಲೊಂದು ಬೀಳ್ತದೆ. ಎಂಟನೇ ಕ್ಲಾಸಿನಲ್ಲೇ ಮಾಡಿಸಿಡಿ. ಹೆಡ್‌ಮಾಸ್ಟರ ಹತ್ರ ಹೋಗುವಾಗ ವರದಿಯ ಜೆರಾಕ್ಸ್ ಒಟ್ಟಿಗೆ ಮಗು ಬರೆದ ಒಂದು ಪುಟ, ಅದೇ ವಿಷಯ ಮಗು ಬಾಯಲ್ಲಿ ಹೇಳಿದ ರೆಕಾರ್ಡಿಂಗ್ ಎರಡನ್ನೂ ತೆಗೊಂಡು ಹೋಗಿ, ಮೊದಲು ರೆಕಾರ್ಡಿಂಗ್ ಕೇಳಿಸಿ.