ಮೀಟರ್‌ನಲ್ಲಿ 28 ಇದೆ, ಲೈಟ್ ಮಾತ್ರ ನಿಲ್ಲಲ್ಲ

ಲಾರಿ ಹೆಡ್‌ಲೈಟ್‌ಗೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ಎಲ್‌ಇಡಿ ಬಲ್ಬ್ ಸೆಟ್ ಹಿಡಿದುಕೊಂಡು ಬರುವ ಓನರ್‌ಗಳನ್ನು ಕಂಡರೆ ನನಗೀಗ ಭಯ. ಗಾಡಿ ಅವರದು, ಬಲ್ಬ್ ಅವರದು, ಬೈಗುಳ ಮಾತ್ರ ಎಲೆಕ್ಟ್ರಿಷಿಯನ್‌ಗೆ.

ಈ ಹತ್ತು ಚಕ್ರದ ಗಾಡಿ ಹಾಸನದಿಂದ ಶಿರಾಡಿ ಇಳಿದು ಮಂಗಳೂರಿಗೆ ಓಡುವಂಥದ್ದು. ಎಡಗಡೆ ಲೈಟ್ ಮಂದ ಅಂತ ಡ್ರೈವರ್ ಹೇಳುತ್ತಲೇ ಇದ್ದನಂತೆ. ಓನರ್ ಯಾರನ್ನೂ ಕೇಳಲಿಲ್ಲ. 75/70 ವಾಟ್‌ನ ಎಚ್4 ಬಲ್ಬ್ (ಬ್ರೈಟ್, ಡಿಮ್ ಎರಡೂ ಒಂದರಲ್ಲೇ ಇರುವಂಥದ್ದು) ಎರಡನ್ನೂ ತೆಗೆಸಿ ಎಲ್‌ಇಡಿ ಹಾಕಿಸಿದರು. ಡಬ್ಬದ ಮೇಲೆ 9ರಿಂದ 32 ವೋಲ್ಟ್ ಅಂತ ಬರೆದಿತ್ತು. ಇಂಜಿನ್ ಆಫ್ ಇದ್ದಾಗ ಎರಡೂ ಜಗಜಗ. ಸ್ಟಾರ್ಟ್ ಮಾಡಿದರೆ ಎಡಗಡೆಯದು ಕಣ್ಣು ಹೊಡೆಯಲು ಶುರು.

ಎಡದ ಬಲ್ಬ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದೆ. ಮಿಣುಕು ಎಡದಲ್ಲೇ ಉಳಿಯಿತು. ಅಂದರೆ ಬಲ್ಬ್ ಸರಿ ಇದೆ. ಬಲ್ಬ್‌ಗೆ ವೈರ್ ಸೇರಿಸುವ ಕಪ್ಲರ್ ಕಳಚಿದೆ. ಮೀಟರ್‌ನ ಕಪ್ಪು ವೈರ್ ಬ್ಯಾಟರಿ ಮೈನಸ್‌ಗೆ, ಕೆಂಪು ಡಿಮ್ ಪಿನ್‌ಗೆ. ಇಂಜಿನ್ ಓಡುತ್ತಿದ್ದಾಗ 28 ವೋಲ್ಟ್ ತೋರಿಸಿತು, 24 ವೋಲ್ಟ್‌ನ ಲಾರಿಗೆ ಚಾರ್ಜ್ ಆಗುವಾಗ ಅಷ್ಟು ಇರಬೇಕಾದದ್ದೇ. ಸಪ್ಲೈ ಭರ್ಜರಿಯಾಗಿದೆ, ಚಾರ್ಜಿಂಗ್ ವೋಲ್ಟೇಜ್ ಎಲ್‌ಇಡಿಗೆ ಆಗಿಬರುತ್ತಿಲ್ಲ ಅಂದುಕೊಂಡೆ. ಬಲಗಡೆಗೂ ಅದೇ 28 ಹೋಗುತ್ತಿದೆ ಅನ್ನೋದು ಆಗ ತಲೆಗೇ ಹೋಗಲಿಲ್ಲ.

ಓನರ್ ಫೋನ್‌ನಲ್ಲಿ, "ಸೆಟ್ ಜೊತೆ ರೆಸಿಸ್ಟರ್ ಬಂದಿದೆ, ಮಿಣುಕಿದ್ರೆ ಅದನ್ನ ಹಾಕ್ಬೇಕಂತೆ, ವಿಡಿಯೋದಲ್ಲಿ ನೋಡಿದೆ" ಅಂದರು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಡಬ್ಬಿ. ಒಂದು ತುದಿ ಡಿಮ್ ವೈರ್‌ಗೆ, ಇನ್ನೊಂದು ಚಾಸಿಗೆ ಕೊಟ್ಟು ಸ್ಟಾರ್ಟ್ ಮಾಡಿಸಿದೆ. ಲೈಟ್ ಮಿಣುಕುತ್ತಲೇ ಇತ್ತು. ಹೋಲ್ಡರ್ ಅಲ್ಲಾಡಿಸುತ್ತಾ ನಿಂತಿದ್ದೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಬಗ್ಗಿ ನೋಡಿದರೆ ರೆಸಿಸ್ಟರ್‌ಗೆ ಸುತ್ತಿದ್ದ ಟೇಪ್ ಕರಗಿ ಹಾರ್ನೆಸ್ (ವೈರ್‌ಗಳ ಕಟ್ಟು) ಮೇಲೆ ಇಳಿಯುತ್ತಿದೆ. ಮುಂದೆ ಪ್ಲಾಸ್ಟಿಕ್ ಬಂಪರ್. "ಲೈಟ್ ಆಫ್ ಮಾಡೋ!" ಅಂತ ಕೂಗಿದರೆ ಡ್ರೈವರ್‌ಗೆ ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ, ಡಿಪ್ಪರ್ ಹೊಡೆದ. ಕೊನೆಗೆ ನಾನೇ ಕಟಿಂಗ್ ಪ್ಲೈಯರ್‌ನಲ್ಲಿ ವೈರ್ ಕತ್ತರಿಸಿದೆ.

ರೆಸಿಸ್ಟರ್ ಮೇಲೆ 50 ವಾಟ್, 6 ಓಮ್ ಅಂತ ಬರೆದಿತ್ತು. ಅದು 12 ವೋಲ್ಟ್‌ನ ಕಾರಿನ ಸಾಮಾನು. 14 ವೋಲ್ಟ್‌ಗೆ 33 ವಾಟ್‌ನಷ್ಟು ಬಿಸಿಯಾಗುತ್ತದೆ, ತಡೆಯುತ್ತದೆ. 28ಕ್ಕೆ ಕೊಟ್ಟರೆ ಬಿಸಿ ನಾಲ್ಕು ಪಟ್ಟು, 130 ವಾಟ್. ಲಾರಿಗೆ ಅಂತ ಮಾರುವ ಸೆಟ್‌ನಲ್ಲಿ ಇದನ್ನು ಇಡುವವರಿಗೆ ಏನು ಹೇಳೋದು?

ಅಷ್ಟರಲ್ಲಿ ನಮ್ಮ ಹುಡುಗ ಬಂಪರ್ ಮೇಲೆ ಕಾಲಿಟ್ಟು ನಿಂತ. ಮಿಣುಕು ನಿಂತಿತು. "ಅಣ್ಣ, ಇಲ್ಲಿ ತುಳಿದ್ರೆ ನಿಲ್ತದೆ ನೋಡಣ್ಣ."

ಇಂಜಿನ್ ಸ್ಟಾರ್ಟ್ ಆದರೆ ವೋಲ್ಟೇಜ್ ಒಂದೇ ಅಲ್ಲ, ಅಲುಗಾಟವೂ ಬರುತ್ತದೆ ಅಲ್ವಾ? ಈ ಸಲ ಕಪ್ಲರ್ ಹಾಕಿಯೇ, ಲೈಟ್ ಆನ್ ಇಟ್ಟು, ಹೋಲ್ಡರ್‌ನ ಅರ್ಥ್ ಪಿನ್‌ಗೂ (ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬ್ಯಾಟರಿ ಮೈನಸ್‌ಗೂ ಮಧ್ಯೆ ಮೀಟರ್ ಇಟ್ಟೆ. ಹೆಚ್ಚುಕಮ್ಮಿ ಸೊನ್ನೆ ಇರಬೇಕಾದದ್ದು ಹತ್ತು ವೋಲ್ಟ್ ದಾಟಿ ಎಗರುತ್ತಿತ್ತು. ಮೊದಲ ಸಲದ ಹಾಗೆ ಕೆಂಪು ಡಿಮ್ ಪಿನ್‌ಗೆ, ಕಪ್ಪು ವೈರ್ ನೇರ ಬ್ಯಾಟರಿಗೇ ಇಟ್ಟರೆ ಅರ್ಥ್ ಕೆಟ್ಟಿದ್ದರೂ ಮೀಟರ್‌ಗೆ ಗೊತ್ತೇ ಆಗಲ್ಲ.

ಅರ್ಥ್ ಬೋಲ್ಟ್ ಸಿಕ್ಕಿದ್ದು ಲೈಟ್ ಹಿಂದಿನ ಬ್ರಾಕೆಟ್‌ನಲ್ಲಿ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಅಂತ ಪೇಂಟ್ ಹೊಡೆದವನು ಬ್ರಾಕೆಟ್‌ಗೂ ದಪ್ಪಗೆ ಬಳಿದು, ಅದರ ಮೇಲೆಯೇ ಅರ್ಥ್ ವೈರ್ ತುದಿಯ ಲಗ್ ಕೂರಿಸಿ ಟೈಟ್ ಮಾಡಿದ್ದ. ಲಗ್ ಕೆಳಗೆ ಹೊಳೆಯೋ ಕಬ್ಬಿಣ ಉಗುರಿನಷ್ಟೂ ಇರಲಿಲ್ಲ. ಅರ್ಥ್ ಸರಿಯಿಲ್ಲದಿದ್ದರೆ ಹಳೇ ಬಲ್ಬ್ ಮಂದವಾಗಿ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ಕರೆಂಟ್ ಸಾಲದಿದ್ದರೆ ಆರಿ ಮತ್ತೆ ಹತ್ತುತ್ತದೆ. ಅಂದರೆ ಡ್ರೈವರ್ ಮೊದಲಿಂದ ಹೇಳುತ್ತಿದ್ದ ಮಂದ ಬೆಳಕೂ ಇದೇ ಬೋಲ್ಟ್‌ನದ್ದು. ಎಮರಿ ಪೇಪರ್‌ನಲ್ಲಿ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿದೆ, ಮೇಲೆ ಸ್ವಲ್ಪ ಗ್ರೀಸ್.

ಗೋಡೆಗೆ ಬೆಳಕು ಹಿಡಿದು ನೋಡಿದರೆ ಡಿಮ್‌ನಲ್ಲೂ ಬೆಳಕು ಮೇಲಕ್ಕೆ ಚೆಲ್ಲುತ್ತಿತ್ತು. ಎಲ್‌ಇಡಿ ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡುವ ಹಾಗೆ ಬಲ್ಬ್‌ನ ಕಾಲರ್ (ಬುಡದ ಬಳೆ) ತಿರುಗಿಸಿದೆ, ಕಮ್ಮಿಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. 2024ರ ಜುಲೈನಿಂದ ರಾಜ್ಯದಲ್ಲಿ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗೆ ಕೇಸ್ ಬೇರೆ ಹಾಕುತ್ತಿದ್ದಾರೆ. ಡ್ರೈವರೇ, "ಘಾಟಿ ಮಂಜಲ್ಲಿ ಇದು ಬಿಳಿ ಗೋಡೆ ಥರ ಎದುರಿಗೆ ನಿಲ್ತದೆ ಅಣ್ಣ, ಹಳೇದೇ ಹಾಕು" ಅಂದ. ಹಾಕಿದೆ. ಎರಡೂ ಕಡೆ ಸಮ ಬೆಳಕು.

ಬಿಲ್ ನೋಡಿ ಓನರ್ "ಒಂದು ಬೋಲ್ಟ್ ಉಜ್ಜೋಕೆ ಇಷ್ಟೊಂದಾ?" ಅಂದರು. ಎಲ್‌ಇಡಿ ಸೆಟ್ ನನ್ನ ಶೆಲ್ಫ್‌ನಲ್ಲೇ ಬಿದ್ದಿದೆ. ಯಾರಾದರೂ ಗಿರಾಕಿ ಸಿಕ್ಕರಾ ಅಂತ ಆಗಾಗ ಫೋನ್ ಮಾಡುತ್ತಾರೆ.